ಸಂಬಳ ಕೊಟ್ಟು ಸಂಬಳ ಪಡೆಯುವ ಕೆಲಸ

ಕೆನಡಾದಲ್ಲಿ ಓದುವ ಒಬ್ಬ ಹುಡುಗ, ಮಾಡದ ಕೆಲಸಕ್ಕೆ ತಾನೇ ದುಡ್ಡು ಕೊಟ್ಟು ಸಂಬಳ ಪಡೆದಂತೆ ತೋರಿಸಲು ಹೊರಟಿದ್ದ ಕಥೆ ಇದು. ಈ ಪ್ರಕರಣ ಬರೆಯಲು ಆ ಹುಡುಗನೂ ಅವನ ತಂದೆ ತಾಯಿಯೂ ಒಪ್ಪಿದ್ದಾರೆ. ಹೆಸರು, ಊರು, ಕೆಲವು ಸಂಬಂಧಗಳನ್ನು ಬದಲಿಸಿದ್ದೇನೆ. ವಿಶ್ವವಿದ್ಯಾಲಯದ ಹೆಸರು ಬೇಡ ಎಂದು ಬಿಟ್ಟಿದ್ದೇನೆ. ಅಪ್ಪನ ಕಸುಬನ್ನು ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ, ಯಾಕೆಂದರೆ ಮುಂದೆ ಅದು ಕೆಲಸಕ್ಕೆ ಬಂತು. ಬೆಂಗಳೂರಿನಲ್ಲಿ ಕೂತು ವಿದೇಶದಲ್ಲಿ ಓದುವ ಕನ್ನಡದ ಮಕ್ಕಳ ಜೊತೆ ವಿಡಿಯೋ ಕರೆಯಲ್ಲಿ ಮಾತಾಡುವುದು ನನ್ನ ಕೆಲಸದ ಒಂದು ಭಾಗ. ಇವನಂಥದ್ದೇ ಪ್ರಶ್ನೆ ಹೊತ್ತು ಬೇರೆ ಮನೆಯವರೂ ಬರುತ್ತಿದ್ದಾರೆ. ಅದಕ್ಕೇ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಹುಡುಗನನ್ನು ವಿನಾಯಕ ಅನ್ನೋಣ. ವಯಸ್ಸು 20. ಮನೆ ಬೆಳಗಾವಿ ಅಂದುಕೊಳ್ಳಿ. ಅಪ್ಪನದು ಉದ್ಯಮಬಾಗದಲ್ಲಿ ಸಣ್ಣ ಮಷೀನ್ ಶಾಪ್. ಅಲ್ಲಿನ ಫೌಂಡ್ರಿಗಳಿಂದ ಬರುವ ಎರಕದ ತುಂಡುಗಳನ್ನು ಲೇತಿಗೆ ಹಾಕಿ, ಅಳತೆಗೆ ತಂದು ಕೊಡುವ ಕೆಲಸ. ಒಂದು ಸೈಟು ಮಾರಿ, ಮನೆ ಅಡ ಇಟ್ಟು ಸಾಲ ತೆಗೆದು ಮಗನನ್ನು ಕೆನಡಾದ ಒಂಟಾರಿಯೊಗೆ ಕಳಿಸಿದ್ದರು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಪದವಿ, ಅದರಲ್ಲೂ ಕೋ-ಆಪ್ ಇರುವ ಪದವಿ. ಅಂದರೆ ಕೆಲವು ತಿಂಗಳು ಕ್ಲಾಸು, ಕೆಲವು ತಿಂಗಳು ಯಾವುದಾದರೂ ಕಂಪನಿಯಲ್ಲಿ ಸಂಬಳದ ಕೆಲಸ, ಎರಡೂ ಓದಿನ ಭಾಗ. ಕೋ-ಆಪ್ ಇದೆ ಅಂತಲೇ ಆ ವಿಶ್ವವಿದ್ಯಾಲಯ ಆರಿಸಿದ್ದು. "ಅಲ್ಲಿ ಓದ್ತಾ ಓದ್ತಾ ಸಂಬಳ ಬರ್ತದ" ಎಂದು ಏಜೆಂಟ್ ಹೇಳಿದ್ದ ಮಾತು ಮನೆಯವರ ಬಾಯಲ್ಲಿ ಇನ್ನೂ ಇತ್ತು.

2025ರ ಏಪ್ರಿಲ್ ಮಧ್ಯದಲ್ಲಿ ಅವನು ನನ್ನ ಹತ್ತಿರ ಬಂದ. ಹೇಳಿಕೊಂಡ ತೊಂದರೆ ನಿದ್ದೆಯದು. ರಾತ್ರಿ ಮೂರಕ್ಕೆ ಎಚ್ಚರವಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಊಟ ಸೇರುತ್ತಿಲ್ಲ. ಪರೀಕ್ಷೆ ಹತ್ತಿರ ಬಂದಿದೆಯಲ್ಲ, ಅದಕ್ಕಿರಬಹುದು ಎಂದ. ಪರೀಕ್ಷೆಯ ಬಗ್ಗೆ ಕೇಳಿದರೆ ಸಲೀಸಾಗಿ ಮಾತಾಡಿದ. ಮೇ ತಿಂಗಳಲ್ಲಿ ಏನು ಮಾಡ್ತೀಯಾ ಎಂದು ಕೇಳಿದಾಗ ಮುಖ ಕೆಳಗೆ ಹಾಕಿದ.

ನಿಧಾನಕ್ಕೆ ಹೊರಬಂದದ್ದು ಇದು. ಮೇನಿಂದ ಆಗಸ್ಟ್‌ವರೆಗೆ ಅವನ ಮೊದಲ ಕೋ-ಆಪ್ ಅವಧಿ. ಜನವರಿಯಿಂದ ಅರ್ಜಿ ಹಾಕುತ್ತಿದ್ದ. ನೂರಕ್ಕೂ ಹೆಚ್ಚು ಅರ್ಜಿ. ಇಂಟರ್‌ವ್ಯೂ ಬಂದದ್ದು ಮೂರು. ಮೂರೂ ಆಗಲಿಲ್ಲ. ಜೊತೆಗಿದ್ದವರು ಒಬ್ಬೊಬ್ಬರಾಗಿ ಆಫರ್ ಲೆಟರ್ ತೋರಿಸುತ್ತಿದ್ದರು. ಫೆಬ್ರವರಿಯಲ್ಲಿ ಅವ್ವ ಫೋನಿನಲ್ಲಿ ಪದೇ ಪದೇ ಕೇಳಿದಾಗ "ಹ್ಞೂಂ, ಆಗೇತಿ" ಎಂದುಬಿಟ್ಟಿದ್ದ. ಅವ್ವ ಓಣಿಯವರಿಗೆಲ್ಲ ಕುಂದಾ ಹಂಚಿದ್ದರು.

ಇಷ್ಟೇ ಆಗಿದ್ದರೆ ಇದು ಎಷ್ಟೋ ಮಕ್ಕಳ ಕಥೆ. ಆದರೆ ಇದರ ಮೇಲೆ ಇನ್ನೊಂದು ಕೂತಿತ್ತು.

ವಿನಾಯಕ ಬ್ರಾಂಪ್ಟನ್‌ನಲ್ಲಿ ಒಂದು ಮನೆಯ ಬೇಸ್‌ಮೆಂಟ್ ರೂಮಿನಲ್ಲಿದ್ದ. ಮನೆ ಅಪ್ಪನ ಸ್ನೇಹಿತರ ಸಂಬಂಧಿಯದು. ಇವನು ಅವರನ್ನು ಕಾಕಾ ಎನ್ನುತ್ತಿದ್ದ. ಏರ್‌ಪೋರ್ಟಿನಿಂದ ಕರೆತಂದವರು ಅವರು. ಮೊದಲ ಚಳಿಗಾಲಕ್ಕೆ ಜಾಕೆಟ್ ಕೊಡಿಸಿದವರೂ ಅವರೇ. ಅವರದೊಂದು ಸಣ್ಣ ಕಂಪನಿ ಇತ್ತು. ಕೆಲಸ ಸಿಕ್ಕಿಲ್ಲ ಎಂದು ತಿಳಿದಾಗ ಕಾಕಾ ಒಂದು ದಾರಿ ಹೇಳಿದರು. "ನನ್ನ ಕಂಪನಿಯಲ್ಲಿ ನಿನ್ನನ್ನು ಡಿಸೈನ್ ಅಸಿಸ್ಟೆಂಟ್ ಅಂತ ತೋರಿಸ್ತೇನೆ. 16 ವಾರ ಪೇರೋಲ್‌ನಲ್ಲಿ ಇರ್ತೀಯ. ಬರೂದು ಬ್ಯಾಡ, ಮಾಡೂದು ಬ್ಯಾಡ. ಸಂಬಳದ ರೊಕ್ಕ ಮಾತ್ರ ನೀನ ಮೊದಲು ಕೊಡಬೇಕು."

ಅವತ್ತಿನ ಲೆಕ್ಕ ಹೇಳುತ್ತೇನೆ. ಆಗ ಒಂಟಾರಿಯೊದಲ್ಲಿ ಕನಿಷ್ಠ ಕೂಲಿ ಗಂಟೆಗೆ 17.20 ಡಾಲರ್. ವಾರಕ್ಕೆ 35 ಗಂಟೆಯಂತೆ 16 ವಾರಕ್ಕೆ 9,632 ಡಾಲರ್. ನಮ್ಮ ರೂಪಾಯಿಯಲ್ಲಿ ಆರು ಲಕ್ಷದ ಹತ್ತಿರ. ಅದರ ಮೇಲೆ ಮಾಲೀಕ ಕಟ್ಟಬೇಕಾದ ಪಿಂಚಣಿ ಮತ್ತು ಉದ್ಯೋಗ ವಿಮೆಯ ಪಾಲನ್ನೂ ಇವನೇ ಕೊಡಬೇಕು. ಅದರ ಮೇಲೆ ಕಾಕಾನ 'ಖರ್ಚು' ಎಂದು 2,000 ಡಾಲರ್. ಒಟ್ಟು 12,000 ಮೀರುತ್ತದೆ. ಕಡಿತಗಳೆಲ್ಲ ಹೋಗಿ ಇವನ ಖಾತೆಗೆ ಸಂಬಳ ಎಂದು ವಾಪಸ್ ಬರುವುದು 8,000 ಡಾಲರ್ ಆಸುಪಾಸು.

"ರೊಕ್ಕ ನನ್ನದ ನನಗ ತಿರುಗಿ ಬರ್ತದಂತ್ರೀ ಮೇಡಂ" ಎಂದ ವಿನಾಯಕ. ಲೆಕ್ಕ ಅವನಿಗೆ ಗೊತ್ತಿರಲಿಲ್ಲ ಅಂತಲ್ಲ. ಇಂಜಿನಿಯರಿಂಗ್ ಓದುವ ಹುಡುಗ. ಆದರೆ ಹೆದರಿದ ಮನಸ್ಸು ಲೆಕ್ಕವನ್ನು ಅರ್ಧಕ್ಕೇ ನಿಲ್ಲಿಸುತ್ತದೆ. ಕೊನೆಯ ಸಾಲಿಗೆ ಹೋಗಲು ಅದಕ್ಕೆ ಧೈರ್ಯ ಇರುವುದಿಲ್ಲ. ಉಳಿದ ಲೆಕ್ಕವನ್ನು ಇಬ್ಬರೂ ಕೂತು ಕಾಗದದ ಮೇಲೆ ಮಾಡಿದೆವು. ಅವನೇ ಬರೆದ, ಅವನೇ ಕೂಡಿದ. ದುಡ್ಡು ಕಳಿಸಲು ಕಾಕಾ ಕೊಟ್ಟಿದ್ದ ಗಡುವು ಆ ವಾರದ ಶುಕ್ರವಾರ.

ನಾನು ಮೊದಲು ಕೇಳಿದ್ದು ದುಡ್ಡಿನ ಬಗ್ಗೆ ಅಲ್ಲ. ಸಾಯಬೇಕು ಅನ್ನಿಸಿದೆಯಾ ಎಂದು ನೇರವಾಗಿ ಕೇಳಿದೆ. ಈ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂದು ತುಂಬ ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಕೇಳಿದವರ ಹತ್ತಿರ ಮಗು ಬಾಯಿ ಬಿಡುತ್ತದೆ, ಅಷ್ಟೇ. "ಎದ್ದೇಳೂದ ಬ್ಯಾಡ ಅನ್ನಿಸ್ತದ್ರೀ. ಮಾಡ್ಕೊಳ್ಳೂದು ಅಂತ ಏನಿಲ್ಲ" ಎಂದ. ಕೆನಡಾದಲ್ಲಿ 988 ಎಂಬ ನಂಬರಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಅಥವಾ ಮೆಸೇಜ್ ಮಾಡಬಹುದು. ಅದನ್ನು ನನ್ನೆದುರೇ ಫೋನಿನಲ್ಲಿ ಸೇವ್ ಮಾಡಿಸಿದೆ. ವಿಶ್ವವಿದ್ಯಾಲಯದ ಕೌನ್ಸೆಲಿಂಗ್ ಕೇಂದ್ರದಲ್ಲೂ ಸಮಯ ತೆಗೆದುಕೊಳ್ಳಲು ಹೇಳಿದೆ. ದೂರದಲ್ಲಿ ಕೂತ ನಾನೊಬ್ಬಳೇ ಸಾಲುವುದಿಲ್ಲ. ಹತ್ತಿರದಲ್ಲಿ ಮುಖ ನೋಡಿ ಮಾತಾಡುವವರು ಬೇಕು. (ನಮ್ಮ ದೇಶದಲ್ಲಿ ಓದುತ್ತಿರುವವರಿಗೆ ಸರ್ಕಾರದ ಟೆಲಿ-ಮಾನಸ್ ಇದೆ, 14416. ಕನ್ನಡದಲ್ಲೇ ಮಾತಾಡಬಹುದು.)

ಆ ದಿನದ ಸಲಹೆ ಚಿಕ್ಕದು. ಶುಕ್ರವಾರದ ಮಾತು ಬಿಡು. ಯಾವುದಕ್ಕೂ ಸಹಿ ಹಾಕಬೇಡ, ಒಂದು ಡಾಲರ್ ಕೂಡ ಕಳಿಸಬೇಡ. ಪರೀಕ್ಷೆ ಮುಗಿಯಲಿ ಎಂದು ಕಾಕಾಗೆ ಹೇಳು. ಜಗಳವೂ ಬೇಡ, ಬುದ್ಧಿ ಹೇಳುವುದೂ ಬೇಡ. ಯಾಕೆಂದರೆ ಅವನು ಮಲಗುತ್ತಿದ್ದ ರೂಮು ಅವರದು. ಇಂಥ ವಿಷಯದಲ್ಲಿ ಮಕ್ಕಳಿಗೆ "ಖಡಾಖಂಡಿತ ಬೇಡ ಅಂದುಬಿಡು" ಎಂದು ದೂರದಿಂದ ಹೇಳುವುದು ಸುಲಭ. ರಾತ್ರಿ ಸೂಟ್‌ಕೇಸ್ ಹಿಡಿದು ಎಲ್ಲಿಗೆ ಹೋಗಬೇಕು ಎಂಬುದನ್ನು ಮೊದಲು ಯೋಚಿಸಬೇಕು. ಕ್ಯಾಂಪಸ್ ಹತ್ತಿರ ಇಬ್ಬರು ಸಹಪಾಠಿಗಳ ಮನೆಯಲ್ಲಿ ಬೇಸಿಗೆಗೆ ಒಂದು ರೂಮು ಖಾಲಿಯಾಗುವುದಿತ್ತು. ಅದನ್ನು ಮಾತಾಡಿ ಇಟ್ಟ.

ಮುಂದಿನ ಭೇಟಿಯ ಹೊತ್ತಿಗೆ ಕೋ-ಆಪ್ ಎಂದರೇನು ಎಂದು ಅವನ ಬಾಯಿಂದಲೇ ಕೇಳಿದೆ. ಅವನ ಉತ್ತರ: "ಪ್ಲೇಸ್‌ಮೆಂಟ್ ಇದ್ದಂಗ್ರೀ. ಚಲೋ ಇದ್ದವರಿಗೆ ಸಿಗ್ತದ." ಇಲ್ಲಿಯೇ ಗಂಟು ಇತ್ತು. ನಮ್ಮಲ್ಲಿ ಸಿಇಟಿ ರ‍್ಯಾಂಕ್ ಬಂದ ದಿನವೇ ಮಗುವಿನ ಬೆಲೆ ಕಟ್ಟುತ್ತೇವೆ. ಆ ಕಣ್ಣಿನಿಂದಲೇ ಅವನು ಕೋ-ಆಪ್ ನೋಡುತ್ತಿದ್ದ. ಕೆಲಸ ಸಿಗಲಿಲ್ಲ ಎಂದರೆ ನಾನು ಫೇಲ್, ಅಪ್ಪ ಮಾರಿದ ಸೈಟೂ ಹೋಯಿತು ಅಂತ ಅವನ ಲೆಕ್ಕ.

ಅದಕ್ಕೆ ಸ್ವಲ್ಪ ಹಿಂದಿನ ಕಥೆ ಹೇಳಿದೆ. ಕೋ-ಆಪ್ ಶುರುವಾಗಿದ್ದು ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ, 1906ರಲ್ಲಿ. ಹರ್ಮನ್ ಶ್ನೈಡರ್ ಎಂಬ ಇಂಜಿನಿಯರಿಂಗ್ ಮೇಷ್ಟ್ರು 27 ಹುಡುಗರೊಂದಿಗೆ ಆರಂಭಿಸಿದರು. ಸ್ವಲ್ಪ ದಿನ ಕ್ಲಾಸು, ಸ್ವಲ್ಪ ದಿನ ಕಾರ್ಖಾನೆ. ತರಗತಿಯಲ್ಲಿ ಎಷ್ಟು ಹೇಳಿದರೂ ಬಾರದ ಕೆಲವು ವಿಷಯಗಳು ಕೆಲಸದ ಜಾಗದಲ್ಲೇ ಬರುತ್ತವೆ ಎಂಬುದು ಅವರ ನಂಬಿಕೆ. ಕೆನಡಾದಲ್ಲಿ ಇದನ್ನು ದೊಡ್ಡದಾಗಿ ತಂದದ್ದು ವಾಟರ್‌ಲೂ ವಿಶ್ವವಿದ್ಯಾಲಯ, 1957ರಲ್ಲಿ. ಅದರ ಹಿಂದೆ ನಿಂತವರಲ್ಲಿ ಮುಖ್ಯರಾದ ಐರಾ ನೀಡಲ್ಸ್ ಒಂದು ಟೈರ್ ಕಂಪನಿಯ ಮುಖ್ಯಸ್ಥರು. ಊರಿನ ಕಾರ್ಖಾನೆಗಳಿಗೆ ಕೈಯಲ್ಲಿ ಕೆಲಸ ಬಲ್ಲ ಇಂಜಿನಿಯರ್‌ಗಳು ಬೇಕಿದ್ದರು. ಅದಕ್ಕಾಗಿಯೇ ವಿಶ್ವವಿದ್ಯಾಲಯವನ್ನೇ ಹಾಗೆ ಕಟ್ಟಿದರು.

ಇದನ್ನೆಲ್ಲ ಇತಿಹಾಸದ ಪಾಠ ಅಂತ ಹೇಳಲಿಲ್ಲ. ಶಾಪ್ ಫ್ಲೋರಿನ ಕೆಲಸಕ್ಕಾಗಿ ಹುಟ್ಟಿದ ಪದ್ಧತಿ ಇದು ಎಂದು ಅವನಿಗೆ ಕಾಣಲಿ ಅಂತ ಹೇಳಿದೆ. ಶಾಪ್ ಫ್ಲೋರಿನಲ್ಲೇ ಬೆಳೆದ ಹುಡುಗ ಅವನು. ಆದರೆ ಅರ್ಜಿ ಹಾಕಿದ್ದೆಲ್ಲ ಟೊರೊಂಟೊದ ಹೆಸರುವಾಸಿ ಕಂಪನಿಗಳಿಗೆ, ಅದರಲ್ಲೂ ಮುಕ್ಕಾಲು ಪಾಲು ಸಾಫ್ಟ್‌ವೇರ್ ಕೆಲಸಕ್ಕೆ. ರೆಸ್ಯೂಮೆ ತರಿಸಿ ನೋಡಿದೆ. ಆನ್‌ಲೈನ್ ಕೋರ್ಸ್‌ಗಳ ಪಟ್ಟಿ, ಕ್ಲಾಸಿನ ಪ್ರಾಜೆಕ್ಟು, ಕ್ರಿಕೆಟ್ ತಂಡ. ಎಂಟನೇ ಕ್ಲಾಸಿನಿಂದ ರಜೆಯಲ್ಲೆಲ್ಲ ಅಪ್ಪನ ಶಾಪಿನಲ್ಲಿ ನಿಂತಿದ್ದು, ವರ್ನಿಯರ್ ಮತ್ತು ಮೈಕ್ರೋಮೀಟರ್ ಹಿಡಿದು ತುಂಡುಗಳನ್ನು ಚೆಕ್ ಮಾಡಿದ್ದು, ಕಂಪ್ಯೂಟರಿನಿಂದ ಓಡುವ ಸಿಎನ್‌ಸಿ ಯಂತ್ರ ಬಂದಾಗ ಮೊದಲ ಪ್ರೋಗ್ರಾಂ ಅವನೇ ಕೂತು ಸರಿಮಾಡಿದ್ದು ಒಂದಕ್ಷರವೂ ಇಲ್ಲ.

ಯಾಕಪ್ಪಾ ಹಾಕಿಲ್ಲ ಎಂದು ಕೇಳಿದೆ. "ಅದು ಮನಿ ಕೆಲಸ ಅಲ್ಲೇನ್ರೀ ಮೇಡಂ" ಎಂದ.

ಈ ಉತ್ತರ ನನಗೆ ಬಹಳ ನೋವು ಕೊಟ್ಟಿತು. ಅಪ್ಪನ ಕೈಗೆ ಹತ್ತಿದ ಎಣ್ಣೆಯಿಂದ ದೂರ ಹೋಗಲಿ ಎಂದೇ ನಾವು ಮಕ್ಕಳನ್ನು ಓದಿಸುತ್ತೇವೆ. ಓದಿಸುತ್ತಾ ಓದಿಸುತ್ತಾ ಆ ಕೈಕೆಲಸಕ್ಕೆ ಬೆಲೆ ಇಲ್ಲ ಎಂದೂ ಕಲಿಸಿಬಿಡುತ್ತೇವೆ. ಇವನ ಕೈಯಲ್ಲಿದ್ದ ವಿದ್ಯೆ ಅವನ ಕ್ಲಾಸಿನ ಎಷ್ಟೋ ಜನರ ಹತ್ತಿರ ಇರಲಿಲ್ಲ. ಅದನ್ನೇ ಮುಚ್ಚಿಟ್ಟು, ತನ್ನದಲ್ಲದ್ದನ್ನು ತೋರಿಸಲು ಹೋಗಿದ್ದ.

ಇನ್ನು ಕಾಕಾ ಹೇಳಿದ ದಾರಿಯ ವಿಷಯ. ವೀಸಾ ಬಗ್ಗೆ ಕಾನೂನಿನ ಸಲಹೆ ಕೊಡುವ ಅಧಿಕಾರ ನನಗಿಲ್ಲ. ಕೆನಡಾದಲ್ಲಿ ಅದನ್ನು ಲೈಸೆನ್ಸ್ ಇರುವವರೇ ಹೇಳಬೇಕು. ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ವಿದೇಶಿ ವಿದ್ಯಾರ್ಥಿಗಳ ಕಚೇರಿ ಇರುತ್ತದೆ, ಅಲ್ಲಿ ಇದಕ್ಕೆಂದೇ ಪರವಾನಗಿ ಪಡೆದ ಸಲಹೆಗಾರರು ಇರುತ್ತಾರೆ, ದುಡ್ಡು ತೆಗೆದುಕೊಳ್ಳುವುದಿಲ್ಲ. ಅಲ್ಲಿಗೆ ಹೋಗು, ಪೂರ್ತಿ ಕೇಳಿಕೊಂಡು ಬಾ ಎಂದೆ. ಹೋದ. ಕೇಳಿಕೊಂಡು ಬಂದ ವಿಷಯಗಳಲ್ಲಿ ಎರಡು ಅವನ ಯೋಚನೆಯನ್ನು ಬದಲಿಸಿದವು.

ಒಂದು, ಕೆನಡಾದ ವಲಸೆ ಕಾನೂನಿನ 40ನೇ ಸೆಕ್ಷನ್. ಸುಳ್ಳು ಮಾಹಿತಿ ಕೊಟ್ಟದ್ದು ಸಾಬೀತಾದರೆ ಐದು ವರ್ಷ ಆ ದೇಶಕ್ಕೆ ಪ್ರವೇಶವಿಲ್ಲ. ಮಾಡದ ಕೆಲಸ ಮಾಡಿದೆ ಎಂದು ಇವತ್ತು ಬರೆಸಿದರೆ ಅದು ಇವತ್ತಿಗೇ ಮುಗಿಯುವುದಿಲ್ಲ. ತೆರಿಗೆ ಇಲಾಖೆಯ ದಾಖಲೆಯಲ್ಲಿ ಉಳಿಯುತ್ತದೆ. ಮುಂದೆ ಪ್ರತಿ ಅರ್ಜಿಯಲ್ಲೂ ಅದೇ ಸುಳ್ಳನ್ನು ಮತ್ತೆ ಬರೆಯಬೇಕು. ಒಂಟಾರಿಯೊದಲ್ಲಿ ಇಂಜಿನಿಯರ್ ಲೈಸೆನ್ಸ್ ಪಡೆಯಲು ಒಳ್ಳೆಯ ನಡತೆಯೂ ಒಂದು ಷರತ್ತು. ವಿಶ್ವವಿದ್ಯಾಲಯದ ಕಡೆಯಿಂದಲೂ ಸುಮ್ನೆ ಇರುವುದಿಲ್ಲ. ಕೋ-ಆಪ್ ಸಂಯೋಜಕರು ಕೆಲಸದ ಮಧ್ಯದಲ್ಲಿ ಫೋನ್ ಮಾಡುತ್ತಾರೆ, ಕೆಲವೊಮ್ಮೆ ಜಾಗಕ್ಕೇ ಬರುತ್ತಾರೆ. ಮೇಲ್ವಿಚಾರಕರು ಮೌಲ್ಯಮಾಪನ ಬರೆಯಬೇಕು, ವಿದ್ಯಾರ್ಥಿ ವರದಿ ಬರೆಯಬೇಕು. ನಾಲ್ಕು ತಿಂಗಳು ಮಾಡದ ಕೆಲಸದ ಬಗ್ಗೆ ವರದಿ ಬರೆಯುವುದು ಹೇಗೆ ಎಂದು ಕೇಳಿದೆ. ಅದನ್ನು ಅವನು ಯೋಚಿಸಿಯೇ ಇರಲಿಲ್ಲ.

ಎರಡನೆಯದು ಕೇಳಿ ಅವನಿಗೆ ಸಮಾಧಾನವೇ ಆಯಿತು. ಕೋ-ಆಪ್ ತಪ್ಪಿದರೆ ಪಿಆರ್, ಅಂದರೆ ಅಲ್ಲೇ ಖಾಯಂ ಆಗಿ ನೆಲೆಸುವ ಅನುಮತಿ, ತಪ್ಪಿದ ಹಾಗೆ ಎಂದು ಕಾಕಾ ಹೇಳಿದ್ದರು. ಅದು ಸರಿಯಲ್ಲ. ಕೆನಡಿಯನ್ ಎಕ್ಸ್‌ಪೀರಿಯನ್ಸ್ ಕ್ಲಾಸ್ ಎಂಬ ದಾರಿಯಲ್ಲಿ ಪಿಆರ್ ಕೇಳುವವರಿಗೆ, ಪೂರ್ಣಾವಧಿ ವಿದ್ಯಾರ್ಥಿಯಾಗಿದ್ದಾಗ ಮಾಡಿದ ಕೆಲಸ ಲೆಕ್ಕಕ್ಕೇ ಬರುವುದಿಲ್ಲ, ಕೋ-ಆಪ್ ಕೂಡ. ಕೋ-ಆಪ್‌ನಿಂದ ಸಿಗುವುದು ಕಲಿಕೆ, ಸಂಬಳ, ಮುಂದೆ ಕರೆಯುವ ಜನ. ಅದೇನೂ ಕಡಿಮೆಯಲ್ಲ. ಆದರೆ ಸುಳ್ಳು ಕೋ-ಆಪ್‌ನಲ್ಲಿ ಈ ಮೂರೂ ಇಲ್ಲ. ಹನ್ನೆರಡು ಸಾವಿರ ಡಾಲರ್ ಕೊಟ್ಟು ಅವನು ತರುತ್ತಿದ್ದದ್ದು ಒಂದು ಕಾಗದ ಮಾತ್ರ.

ಕೋ-ಆಪ್ ಕಚೇರಿಗೆ ಹೋಗಲು ಅವನಿಗೆ ಇನ್ನೂ ಕಷ್ಟವಾಯಿತು. ಕೆಲಸ ಸಿಗಲಿಲ್ಲ ಎಂದು ಹೇಳಿದರೆ ಹೆಸರು ಕೆಟ್ಟುಹೋಗುತ್ತದೆ ಎಂಬ ಭಯ. ಆ ಕಚೇರಿ ಇರುವುದೇ ಸಿಗದವರಿಗಾಗಿ, ಸಿಕ್ಕವರಿಗೆ ಅಲ್ಲೇನು ಕೆಲಸ ಎಂದೆ. ಏನು ಕೇಳಬೇಕು ಎಂದು ಇಬ್ಬರೂ ಕೂತು ಬರೆದುಕೊಂಡೆವು. ನನಗೆ ಇಂಗ್ಲಿಷಿನಲ್ಲಿ ಮಾತಾಡುವಾಗ ಗಂಟಲು ಕಟ್ಟುತ್ತದೆ ಎಂದ, ಹಾಗಾಗಿ ಒಂದು ಸಲ ಅಭ್ಯಾಸವನ್ನೂ ಮಾಡಿದೆವು.

ಅಲ್ಲಿಂದ ಬಂದ ಸುದ್ದಿ ಒಳ್ಳೆಯದಿತ್ತು. ಕೆನಡಾದಲ್ಲಿ ಕೋ-ಆಪ್‌ಗೆ ಮಾನದಂಡ ಹಾಕುವ ರಾಷ್ಟ್ರೀಯ ಸಂಸ್ಥೆಯ ಪ್ರಕಾರ ಒಂದು ಅವಧಿ ಎಂದರೆ ಕನಿಷ್ಠ 12 ವಾರ ಅಥವಾ 420 ಗಂಟೆ, ಮತ್ತು ಕೆಲಸಕ್ಕೆ ಸಂಬಳ ಇರಬೇಕು. ಅವನ ವಿಶ್ವವಿದ್ಯಾಲಯವೂ ಅದನ್ನೇ ಪಾಲಿಸುತ್ತಿತ್ತು. ಆಗಸ್ಟ್ ಕೊನೆಯಿಂದ 12 ವಾರ ಹಿಂದಕ್ಕೆ ಎಣಿಸಿದರೆ ಜೂನ್ ಮೊದಲ ವಾರ. ಅಂದರೆ ಏಪ್ರಿಲ್ ಕೊನೆಗೆ ಎಲ್ಲ ಮುಗಿಯುತ್ತದೆ ಎಂಬ ಗಡುವು ಅವನ ತಲೆಯಲ್ಲಿ ಮಾತ್ರ ಇತ್ತು. ಅದಕ್ಕೂ ಆಗದಿದ್ದರೆ ಬೇಸಿಗೆಯಲ್ಲಿ ಕ್ಲಾಸು ತೆಗೆದುಕೊಂಡು, ಕೆಲಸದ ಅವಧಿಯನ್ನು ಮುಂದಕ್ಕೆ ಹಾಕಲು ಅನುಮತಿ ಕೇಳಬಹುದು ಎಂದರು. ಪದವಿ ಸ್ವಲ್ಪ ತಡವಾಗುತ್ತದೆ, ಖರ್ಚೂ ಆಗುತ್ತದೆ. ಆದರೆ ಬಾಗಿಲು ಮುಚ್ಚುವುದಿಲ್ಲ. ಸುಮ್ಮನೆ ರಜೆ ಹಾಕಿ ಕೂರುವುದು ಮಾತ್ರ ವಿದೇಶಿ ವಿದ್ಯಾರ್ಥಿಗೆ ಸರಿಯಲ್ಲ, ಸ್ಟಡಿ ಪರ್ಮಿಟ್‌ಗೆ, ಅಂದರೆ ಅಲ್ಲಿ ಓದಲು ಕೊಟ್ಟ ಅನುಮತಿಗೆ, ತೊಂದರೆಯಾಗಬಹುದು. ಏನು ಬದಲಿಸುವುದಿದ್ದರೂ ಆ ಸಲಹೆಗಾರರನ್ನು ಕೇಳಿಯೇ ಬದಲಿಸು ಎಂದು ಗಟ್ಟಿಯಾಗಿ ಹೇಳಿದೆ.

ಆ ಕಚೇರಿಯವರು ಇನ್ನೊಂದು ವಿಷಯವನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ಕೋ-ಆಪ್ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವ ಕಂಪನಿಗಳಿಗೆ ಕೆನಡಾ ಕೇಂದ್ರ ಸರ್ಕಾರದ ಒಂದು ಯೋಜನೆ ಸಂಬಳದ ಅರ್ಧದವರೆಗೆ, 5,000 ಡಾಲರ್ ತನಕ ಕೊಡುತ್ತದೆ. ಕೆಲವು ಗುಂಪಿನ ವಿದ್ಯಾರ್ಥಿಗಳಿಗೆ 7,000 ತನಕ. ಆದರೆ ಅದು ಅಲ್ಲಿನ ನಾಗರಿಕರು, ಪಿಆರ್ ಇರುವವರು ಮತ್ತು ಆಶ್ರಯ ಪಡೆದವರಿಗೆ ಮಾತ್ರ. ವಿದೇಶಿ ವಿದ್ಯಾರ್ಥಿಗೆ ಸಿಗುವುದಿಲ್ಲ. ಹಾಗಾಗಿ ಆ ಸಹಾಯಧನ ನೆಚ್ಚಿಕೊಂಡ ಸಣ್ಣ ಕಂಪನಿಗಳು ಇವನ ಅರ್ಜಿಯನ್ನು ನೋಡದೆಯೇ ಬದಿಗಿಟ್ಟಿರಬಹುದು. ಇದನ್ನು ಕೇಳಿ ವಿನಾಯಕನಿಗೆ ಸಿಟ್ಟು ಬಂತು. ಬರಲಿ. ಇಷ್ಟು ದಿನ ತನ್ನ ಮೇಲೇ ಇದ್ದ ಸಿಟ್ಟು ಹೊರಗೆ ತಿರುಗಿದ್ದು ನನಗೆ ಒಳ್ಳೆಯ ಲಕ್ಷಣವಾಗಿ ಕಂಡಿತು. ಅಲ್ಲಿನವರಿಗಿಂತ ಹಲವು ಪಟ್ಟು ಫೀಸು ತೆಗೆದುಕೊಂಡು ಕರೆಸಿಕೊಳ್ಳುವ ಮಕ್ಕಳಿಗೆ ಈ ಸಂಗತಿಯನ್ನು ಅಡ್ಮಿಷನ್ ಸಮಯದಲ್ಲೇ ಹೇಳಬೇಕು ಎಂದು ನಾನೂ ನಂಬುತ್ತೇನೆ. ಏಜೆಂಟರು ಹೇಳುವುದಿಲ್ಲ. ಒಂಟಾರಿಯೊ ಸರ್ಕಾರ ಕೊಡುವ ತೆರಿಗೆ ರಿಯಾಯಿತಿ ಇದರಿಂದ ಬೇರೆ. ಕೋ-ಆಪ್ ವಿದ್ಯಾರ್ಥಿಯನ್ನು ತೆಗೆದುಕೊಂಡ ಕಂಪನಿಗೆ ಒಂದು ಅವಧಿಗೆ ಗರಿಷ್ಠ 3,000 ಡಾಲರ್. ಎಷ್ಟೋ ಸಣ್ಣ ಕಾರ್ಖಾನೆಗಳಿಗೆ ಇದು ಗೊತ್ತೇ ಇರುವುದಿಲ್ಲ.

ಮನೆಗೆ ಹೇಳುವ ಕೆಲಸ ಉಳಿದಿತ್ತು. ಅವನು ಕೆಲಸ ಸಿಕ್ಕ ಮೇಲೆ ಹೇಳ್ತೇನೆ ಎನ್ನುತ್ತಿದ್ದ. ಬೇಡ, ಸಿಗುವ ಮುಂಚೆಯೇ ಹೇಳು ಎಂದೆ. ಕಾರಣ ಇಷ್ಟೆ. ಮನೆಯಲ್ಲಿ ಹೇಳಿದ ಸುಳ್ಳನ್ನು ಕಾಪಾಡಲು ಅವನಿಗೆ ಕಾಕಾನ ಕಾಗದ ಬೇಕಿತ್ತು. ಅವ್ವನಿಗೆ ನಿಜ ಗೊತ್ತಾದ ದಿನ ಆ ಕಾಗದದ ಅಗತ್ಯವೇ ಇರುವುದಿಲ್ಲ. ಮೊದಲ ವಾಕ್ಯದಲ್ಲೇ ನಿಜ ಹೇಳಬೇಕು, ಎರಡನೆಯದರಲ್ಲಿ ಈಗ ಏನು ಮಾಡುತ್ತಿದ್ದೇನೆ ಎಂದು ಹೇಳಬೇಕು, ಅಪ್ಪ ಬೈದರೆ ಮಧ್ಯೆ ಬಾಯಿ ಹಾಕಬಾರದು ಎಂದು ಮಾತಾಡಿಕೊಂಡೆವು. ಅವರ ಒಪ್ಪಿಗೆ ಪಡೆದು ಆ ಕರೆಯಲ್ಲಿ ನಾನೂ ಇದ್ದೆ.

ಅವ್ವ ಅತ್ತರು. "ನಾ ಓಣಿ ತುಂಬ ಕುಂದಾ ಹಂಚೇನಲ್ಲೋ" ಎಂದರು. ಆಮೇಲೆ ಊಟ ಮಾಡಿದೆಯಾ ಎಂದು ಕೇಳಿದರು. ಅಪ್ಪ ಬೈಯಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು ನನ್ನನ್ನು ಕೇಳಿದರು: "ಇಲ್ಲೂ ಹುಡುಗ್ರು ಕೊನೀ ವರ್ಷದ ಪ್ರಾಜೆಕ್ಟ್ ರೊಕ್ಕ ಕೊಟ್ಟ ತರ್ತಾರಲ್ರೀ ಮೇಡಂ. ಇಂಟರ್ನ್‌ಶಿಪ್ ಸರ್ಟಿಫಿಕೇಟೂ ಕೊಡ್ತಾರ. ಇದೂ ಹಂಗ ಅಲ್ಲೇನ್ರೀ? ಆರು ಲಕ್ಷ ನಾ ಹೊಂದಿಸ್ತೇನಿ."

ಅವರನ್ನು ತಪ್ಪು ತಿಳಿಯಬೇಡಿ. ಅವರು ಮೋಸಗಾರರಲ್ಲ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಇಂಟರ್ನ್‌ಶಿಪ್ ಕಡ್ಡಾಯ ಮಾಡಿದ್ದೇವೆ. ಆದರೆ ಅಷ್ಟು ಮಕ್ಕಳಿಗೆ ನಿಜವಾದ ಕೆಲಸದ ಜಾಗ ಹುಡುಕಿಕೊಟ್ಟಿಲ್ಲ. ಹಾಗಾಗಿ ವಿದ್ಯಾರ್ಥಿಯಿಂದಲೇ ಫೀಸು ತೆಗೆದುಕೊಂಡು ಸರ್ಟಿಫಿಕೇಟ್ ಕೊಡುವ ಅಂಗಡಿಗಳು ಎಲ್ಲ ಊರಲ್ಲೂ ಇವೆ. ಎಲ್ಲರೂ ಮಾಡುವುದನ್ನು ಕಂಡ ಅಪ್ಪ ಹಾಗೆ ಕೇಳಿದ್ದು ಸಹಜ. ನಾನು ಕಾನೂನು ಹೇಳಲಿಲ್ಲ, ಅದನ್ನು ಮಗನೇ ಹೇಳಿದ್ದ. ಒಂದು ಪ್ರಶ್ನೆ ಕೇಳಿದೆ. ನಿಮ್ಮ ಶಾಪಿಗೆ ಕೆಲಸ ಕೇಳಿಕೊಂಡು ಹುಡುಗರು ಬರ್ತಾರಲ್ಲ, ಸರ್ಟಿಫಿಕೇಟ್ ನೋಡಿ ತಗೋತೀರಾ, ಏನು ಮಾಡ್ತೀರಿ? "ಏ, ಸರ್ಟಿಫಿಕೇಟ್ ಯಾಕ ಬೇಕ್ರೀ. ಲೇತ್ ಮುಂದ ನಿಲ್ಲಸ್ತೇನಿ. ಹತ್ತು ನಿಮಿಷಕ್ಕ ಗೊತ್ತಾಗ್ತದ" ಎಂದರು. ಹೇಳಿ ಮುಗಿಸುವಷ್ಟರಲ್ಲಿ ಅವರಿಗೇ ಅರ್ಥವಾಯಿತು. ನಿಮ್ಮ ಮಗನನ್ನೂ ಪದವಿ ಮುಗಿದ ಮೇಲೆ ಯಾರೋ ಹಾಗೇ ನಿಲ್ಲಿಸ್ತಾರೆ ಸರ್ ಎಂದೆ. ಆರು ಲಕ್ಷದ ಮಾತು ಅಲ್ಲಿಗೆ ನಿಂತಿತು.

ಆಮೇಲೆ ಅಪ್ಪ ಮಗನ ಕೈಗೆ ಪೆನ್ನು ಹಿಡಿಸಿ ರೆಸ್ಯೂಮೆಯ ಅರ್ಧ ಬರೆಸಿದರು ಅಂದರೂ ತಪ್ಪಲ್ಲ. ಯಾವ ಲೇತು, ಎಷ್ಟು ಮೈಕ್ರಾನ್ ಟಾಲರೆನ್ಸು, ಯಾವ ತುಂಡು ಎಷ್ಟು ರಿಜೆಕ್ಟ್ ಆಗುತ್ತಿತ್ತು, ಮಗ ತುಂಡನ್ನು ಹಿಡಿದಿಡುವ ಫಿಕ್ಸ್ಚರ್ ಬದಲಿಸಿದ ಮೇಲೆ ಎಷ್ಟಕ್ಕೆ ಇಳಿಯಿತು. ಇದನ್ನೆಲ್ಲ ಅವರು ನೆನಪಿಟ್ಟಿದ್ದರು. ಮಗ ಮರೆತಿದ್ದ. ಹೆಚ್ಚು ಹೇಳಬೇಡಿ, ಕಡಿಮೆಯೂ ಹೇಳಬೇಡಿ, ಕೇಳಿದರೆ ವಿವರಿಸಲು ಬರುವುದನ್ನು ಮಾತ್ರ ಬರೆಯಿರಿ ಎಂದಷ್ಟೇ ನಾನು ಹೇಳಿದ್ದು.

ಅರ್ಜಿ ಹಾಕುವ ಜಾಗವನ್ನೂ ಬದಲಿಸಿದ. ಒಂಟಾರಿಯೊ ಎಂದರೆ ಟೊರೊಂಟೊ ಒಂದೇ ಅಲ್ಲ. ವಿಂಡ್ಸರ್ ಸುತ್ತ ಟೂಲ್, ಡೈ ಮತ್ತು ಮೋಲ್ಡ್ ಮಾಡುವ ಶಾಪುಗಳು ಸಾಲುಸಾಲಾಗಿವೆ. ಗ್ವೆಲ್ಫ್, ಕೇಂಬ್ರಿಜ್ ಕಡೆ ವಾಹನ ಬಿಡಿಭಾಗದ ಕಾರ್ಖಾನೆಗಳು, ಹ್ಯಾಮಿಲ್ಟನ್‌ನಲ್ಲಿ ಉಕ್ಕು, ಸಡ್ಬರಿಯಲ್ಲಿ ನಿಕ್ಕಲ್ ಗಣಿ. ಬಸ್ಸು ಕಡಿಮೆ, ನಮ್ಮವರು ಕಡಿಮೆ, ಹೊಸ ರೂಮು ಹುಡುಕಬೇಕು. ಆದರೆ ಅರ್ಜಿ ಹಾಕುವವರೂ ಕಡಿಮೆ. ದಿನಕ್ಕೆ ಇಪ್ಪತ್ತು ಅರ್ಜಿ ಒತ್ತುವ ಅಭ್ಯಾಸ ಬಿಡಿಸಿದೆ. ಒಂದು ದಿನಕ್ಕೆ ಎರಡು, ಆದರೆ ಆ ಕಂಪನಿ ಏನು ಮಾಡುತ್ತದೆ ಎಂದು ಓದಿ ಬರೆದದ್ದು. ಸಂಜೆ ಏಳರ ನಂತರ ಪೋರ್ಟಲ್ ತೆರೆಯುವ ಹಾಗಿಲ್ಲ. ರಾತ್ರಿ ಅಡುಗೆ ಕಡ್ಡಾಯ. ನಿದ್ದೆ ಮೊದಲು ಸರಿಹೋಯಿತು, ಕೆಲಸ ಆಮೇಲೆ ಬಂತು. ನನ್ನ ಅನುಭವದಲ್ಲಿ ಹೆಚ್ಚಾಗಿ ಈ ಕ್ರಮದಲ್ಲೇ ಆಗುತ್ತದೆ.

ವಿಂಡ್ಸರ್‌ನ ಒಂದು ಮೋಲ್ಡ್ ಶಾಪಿನಲ್ಲಿ ಇಂಟರ್‌ವ್ಯೂ ಚೆನ್ನಾಗಿ ಆಯಿತು, ಆದರೆ ತೆಗೆದುಕೊಳ್ಳಲಿಲ್ಲ. ಆ ದಿನ ಅವನು ನನಗೆ ಫೋನ್ ಮಾಡಿ ಅದನ್ನು ಹೇಳಿದ, ಬಚ್ಚಿಡಲಿಲ್ಲ. ಮೇ ಮೂರನೇ ವಾರದಲ್ಲಿ ಗ್ವೆಲ್ಫ್ ಹತ್ತಿರ ಕನ್ವೇಯರ್ ಮಾಡುವ ಸಣ್ಣ ಕಾರ್ಖಾನೆಯೊಂದು ಕರೆಯಿತು. ಪ್ರಶ್ನೆ ಜಾಸ್ತಿ ಇರಲಿಲ್ಲವಂತೆ. ಒಂದು ಶಾಫ್ಟು ಮತ್ತು ಮೈಕ್ರೋಮೀಟರ್ ಕೈಗೆ ಕೊಟ್ಟು ಅಳತೆ ಹೇಳು ಎಂದರು. ಗಂಟೆಗೆ 21 ಡಾಲರ್, ಜೂನ್ 2ರಿಂದ 13 ವಾರ. ತೆರಿಗೆ ರಿಯಾಯಿತಿಯ ವಿಷಯವನ್ನು ಅವರಿಗೆ ತಿಳಿಸಿದ್ದೂ ಇವನೇ.

ಎಲ್ಲವೂ ಸರಿಹೋಯಿತು ಎನ್ನಲಾರೆ. ರೂಮು ಬಿಟ್ಟಾಗ ಕಾಕಾಗೆ ಕೋಪ ಬಂತು. "ಉಪಕಾರ ಮರೆತ" ಎಂದು ಊರಿಗೆ ಫೋನ್ ಮಾಡಿದರು. ಅಪ್ಪನ ಸ್ನೇಹಿತರು ಮಾತು ಕಡಿಮೆ ಮಾಡಿದ್ದಾರೆ. ಕಾಕಾ ಬಗ್ಗೆ ದೂರು ಕೊಡಬೇಕಾ ಎಂದು ವಿನಾಯಕ ಕೇಳಿದ್ದ. ಅದು ನಿನ್ನ ನಿರ್ಧಾರ, ಕೊಡುವುದಾದರೆ ಮೊದಲು ಆ ಪರವಾನಗಿ ಇರುವ ಸಲಹೆಗಾರರ ಜೊತೆ ಮಾತಾಡು ಎಂದೆ. ಇನ್ನೂ ಯೋಚಿಸುತ್ತಿದ್ದಾನೆ. ಮನೆಯ ಸಾಲ ಹಾಗೇ ಇದೆ, ಮುಂದಿನ ಕೋ-ಆಪ್ ಹುಡುಕಾಟ ಮತ್ತೆ ಶುರುವಾಗುತ್ತದೆ, ಆಗ ಮತ್ತೆ ಭಯ ಬರಬಹುದು. ಬಂದರೆ ಮೊದಲ ವಾರವೇ ಯಾರಿಗೆ ಹೇಳಬೇಕು ಎಂಬ ಪಟ್ಟಿ ಅವನ ಹತ್ತಿರ ಇದೆ. ಅದರಲ್ಲಿ ಅವ್ವನ ಹೆಸರೂ ಇದೆ.

ಮಕ್ಕಳನ್ನು ಇಂಥ ಪದವಿಗೆ ಕಳಿಸಿರುವ ಅಪ್ಪ ಅಮ್ಮಂದಿರು ಫೋನಿನಲ್ಲಿ ಕೇಳುವ ಪ್ರಶ್ನೆಯನ್ನು ಸ್ವಲ್ಪ ಬದಲಿಸಿ ಎಂದು ಕೇಳಿಕೊಳ್ಳುತ್ತೇನೆ. "ಕೆಲಸ ಸಿಕ್ತಾ?" ಎಂದು ವಾರಕ್ಕೊಮ್ಮೆ ಕೇಳಿದರೆ ಮಗು ಒಂದು ದಿನ "ಹ್ಞೂಂ" ಎಂದೇ ಹೇಳುತ್ತದೆ. ಈ ವಾರ ಯಾವ ಕಂಪನಿಗೆ ಹಾಕಿದೆ, ಅವರು ಏನು ತಯಾರಿಸ್ತಾರೆ ಎಂದು ಕೇಳಿ. ಯಾರಾದರೂ ದುಡ್ಡು ಕೇಳಿದರಾ ಎಂದೂ ಕೇಳಿ. ಕೋ-ಆಪ್‌ನಲ್ಲಿ ದುಡ್ಡು ಕಂಪನಿಯಿಂದ ವಿದ್ಯಾರ್ಥಿಗೆ ಬರಬೇಕು. ವಿದ್ಯಾರ್ಥಿಯಿಂದ ಹೋಗುತ್ತಿದ್ದರೆ, ಹೇಳಿದವರು ಎಷ್ಟೇ ಹತ್ತಿರದವರಾಗಿರಲಿ, ಅಲ್ಲೇ ನಿಲ್ಲಿಸಿ ವಿಶ್ವವಿದ್ಯಾಲಯಕ್ಕೆ ತಿಳಿಸಿ.

ನಮ್ಮ ಇತ್ತೀಚಿನ ಮಾತುಕತೆಯಲ್ಲಿ ವಿನಾಯಕ ಕೇಳಿದ್ದು ಆದಾಯ ತೆರಿಗೆ ಸಲ್ಲಿಸುವುದು ಹೇಗೆ ಅಂತ. ಕಾರ್ಖಾನೆಯಿಂದ ಟಿ4 ಎಂಬ ಸಂಬಳದ ಚೀಟಿ ಬಂದಿತ್ತು. ಏಪ್ರಿಲ್ 30ರ ಒಳಗೆ ಸಲ್ಲಿಸಬೇಕು, ಕಡಿಮೆ ಆದಾಯದವರಿಗೆ ಉಚಿತವಾಗಿ ಮಾಡಿಕೊಡುವ ತೆರಿಗೆ ಶಿಬಿರಗಳು ಅಲ್ಲಿರುತ್ತವೆ, ವಿದ್ಯಾರ್ಥಿ ಸಂಘದಲ್ಲಿ ವಿಚಾರಿಸು ಎಂದೆ.